ವಸ್‌ವಾಸಿಗೆ ಮದ್ದು ಬರೆದ ಅಬೂ ಝೈದ್ ಅಲ್ ಬಲ್ಖಿ

ವಸ್‌ವಾಸ್ ಎಂಬ ಪದ ಕೇಳದ ಬ್ಯಾರಿ ಮನೆ ಇರಲಿಕ್ಕಿಲ್ಲ. ವುಝೂ ಮುಗಿಸಿ ಎದ್ದವನು ಮೊಣಕೈ ನೆನೆಯಿತೋ ಇಲ್ಲವೋ ಎಂದು ಮತ್ತೆ ನೀರಿನ ಹತ್ತಿರ ಹೋಗುತ್ತಾನೆ. ನಾಲ್ಕನೇ ಸಲ, ಐದನೇ ಸಲ, ಹತ್ತನೇ ಸಲ. ಜಮಾಅತ್ ಮುಗಿದು ಜನ ಹೊರಗೆ ಬಂದರೂ ಅವನು ಅಲ್ಲೇ ಇರುತ್ತಾನೆ. ಮನೆಯಲ್ಲಿ ಒಬ್ಬಳು ಒಂದೇ ಪಾತ್ರೆಯನ್ನು ಬೆರಳು ಸಿಪ್ಪೆ ಏಳುವವರೆಗೆ ತೊಳೆಯುತ್ತಾಳೆ. ಇನ್ನೊಬ್ಬ ಅಂಗಡಿಗೆ ಬೀಗ ಹಾಕಿ ಅರ್ಧ ದಾರಿ ಹೋದ ಮೇಲೆ ಮತ್ತೆ ವಾಪಸ್ ಬಂದು ಎಳೆದು ನೋಡುತ್ತಾನೆ. ನೋಡಿದವರು ನಗುತ್ತಾರೆ. ಕೆಲವರು ಈಮಾನ್ ಸಾಲದು ಅಂತ ಬೈಯುತ್ತಾರೆ. ಇನ್ನು ಕೆಲವರು ಜಿನ್ನ್ ಬಾಧೆ ಅಂತ ಊರೂರು ಸುತ್ತಿಸುತ್ತಾರೆ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವವರು ಕಡಿಮೆ.

ಸುಮಾರು 1100 ವರ್ಷಗಳ ಹಿಂದೆ ಒಬ್ಬ ಮುಸ್ಲಿಂ ವಿದ್ವಾಂಸರು ಇದರ ಬಗ್ಗೆ ಕೂತು ಯೋಚಿಸಿ ಒಂದು ಅಧ್ಯಾಯವನ್ನೇ ಬರೆದಿಟ್ಟಿದ್ದಾರೆ. ದೇಹಕ್ಕೆ ಕಾಯಿಲೆ ಬರುವ ಹಾಗೆ ಮನಸ್ಸಿಗೂ ಬರುತ್ತದೆ, ವಸ್‌ವಾಸ್ ಅಂಥದ್ದೊಂದು ಬಾಧೆ, ಅದಕ್ಕೂ ಚಿಕಿತ್ಸೆ ಉಂಟು ಎಂಬುದು ಅವರು ಹೇಳಿದ್ದರ ಸಾರ. ಅವರೇ ಅಬೂ ಝೈದ್ ಅಹ್ಮದ್ ಇಬ್ನ್ ಸಹ್ಲ್ ಅಲ್ ಬಲ್ಖಿ. ಭೂಗೋಳ ಓದಿದವರಿಗೆ ಇವರ ಹೆಸರು ಗೊತ್ತು. ಮನಸ್ಸಿನ ವೈದ್ಯಕ್ಕೆ ಇವರು ಕೊಟ್ಟದ್ದು ಮಾತ್ರ ಹೆಚ್ಚಿನವರಿಗೆ ಈಚೆಗಷ್ಟೇ ತಿಳಿದದ್ದು.

ಮಕ್ಕಳಿಗೆ ಪಾಠ ಹೇಳುತ್ತಿದ್ದವರ ಮಗ

ಬಲ್ಖ್ ಈಗಿನ ಅಫ್ಘಾನಿಸ್ತಾನದ ಉತ್ತರದಲ್ಲಿ, ಮಝಾರೆ ಶರೀಫ್ ನಗರದ ಹತ್ತಿರ ಇದೆ. ಆ ಕಾಲಕ್ಕೆ ಅದು ಖುರಾಸಾನಿನ ದೊಡ್ಡ ಪಟ್ಟಣಗಳಲ್ಲಿ ಒಂದು. ನಾನಾ ದೇಶದ ಸರಕು, ನಾನಾ ಭಾಷೆಯ ಜನ ಹಾದುಹೋಗುತ್ತಿದ್ದ ಜಾಗ. ಆ ಪ್ರದೇಶದ ಶಾಮಿಸ್ತಿಯಾನ್ ಎಂಬ ಹಳ್ಳಿಯಲ್ಲಿ ಕ್ರಿ.ಶ. 850ರ ಸುಮಾರಿಗೆ ಅಬೂ ಝೈದ್ ಹುಟ್ಟಿದರು. ತಂದೆ ಸಿಜಿಸ್ತಾನ್ ಕಡೆಯವರು, ಮಕ್ಕಳಿಗೆ ಪಾಠ ಹೇಳಿ ಬದುಕುತ್ತಿದ್ದವರು. ಮಗನೂ ಮೊದಲು ಅದೇ ಕೆಲಸಕ್ಕೆ ಇಳಿದರು. ಹಳೆಯ ಚರಿತ್ರೆಕಾರರು ಅವರ ರೂಪವನ್ನೂ ಬರೆದಿದ್ದಾರೆ. ಮಧ್ಯಮ ಎತ್ತರ, ಕಂದು ಮೈಬಣ್ಣ, ಮುಖದಲ್ಲಿ ಸಿಡುಬಿನ ಕಲೆ, ಮಾತು ಕಡಿಮೆ.

ಯೌವನದಲ್ಲಿ ಅವರಿಗೆ ಕಲಿಯುವ ಹಸಿವು ಹತ್ತಿತು. ಹಜ್ಜಿಗೆ ಹೊರಟ ಯಾತ್ರಿಕರ ತಂಡದ ಜೊತೆ ನಡೆದುಕೊಂಡೇ ಇರಾಕ್ ಕಡೆಗೆ ಹೋದರು. ಅಲ್ಲಿ ಎಂಟು ವರ್ಷ ಇದ್ದರು. ಅರಬ್ ಜಗತ್ತಿನ ಮೊದಲ ದೊಡ್ಡ ತತ್ವಜ್ಞಾನಿ ಎನಿಸಿದ ಅಲ್ ಕಿಂದಿಯ ಶಿಷ್ಯರಾದರು. ತತ್ವಶಾಸ್ತ್ರ, ಖಗೋಳ, ವೈದ್ಯ, ನಿಸರ್ಗ ವಿಜ್ಞಾನ ಎಲ್ಲವನ್ನೂ ಓದಿದರು. ಜೊತೆಗೆ ಧರ್ಮಶಾಸ್ತ್ರದ ಓದು ಬಿಡಲಿಲ್ಲ. ಆ ಕಾಲದಲ್ಲಿ ತತ್ವಶಾಸ್ತ್ರ ಓದಿದವರನ್ನು ಧಾರ್ಮಿಕರು ಅನುಮಾನದಿಂದ ನೋಡುತ್ತಿದ್ದರು, ಧರ್ಮ ಓದಿದವರನ್ನು ತತ್ವಜ್ಞಾನಿಗಳು ಹಗುರವಾಗಿ ಕಾಣುತ್ತಿದ್ದರು. ಅಬೂ ಝೈದ್ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟುಕೊಂಡು ಊರಿಗೆ ಮರಳಿದರು.

ಬರೆದದ್ದಕ್ಕೆ ಬೆಲೆ ತೆತ್ತವರು

ಮರಳಿ ಬಂದ ಮೇಲೆ ಅವರ ಕೆಲಸ ಓದು ಮತ್ತು ಬರಹ. ಸುಮಾರು 60 ಪುಸ್ತಕಗಳನ್ನು ಬರೆದರು ಎನ್ನುತ್ತಾರೆ. ಕುರ್‌ಆನಿನ ರಚನೆಯ ಬಗ್ಗೆ ಅವರು ಬರೆದ ಕೃತಿಯನ್ನು ಹಳೆಯ ವಿದ್ವಾಂಸರು ತುಂಬಾ ಹೊಗಳಿದ್ದಾರೆ. ಆದರೆ ಆ ಕಾಲದಲ್ಲಿ ಪುಸ್ತಕ ಮಾರಿ ಬದುಕುವ ಹಾಗಿರಲಿಲ್ಲ. ಅಧಿಕಾರದಲ್ಲಿ ಇದ್ದವರು ಕಳಿಸುವ ಸಹಾಯದ ಮೇಲೆ ವಿದ್ವಾಂಸರ ಮನೆ ನಡೆಯುತ್ತಿತ್ತು. ಅಬೂ ಝೈದ್ ಅವರಿಗೂ ಅಂಥ ಇಬ್ಬರು ದೊಡ್ಡವರಿಂದ ಸಹಾಯ ಬರುತ್ತಿತ್ತು. ಒಬ್ಬರು ಮರ್ವಿನ ಕಡೆಯ ಸೇನಾನಿ ಹುಸೈನ್ ಇಬ್ನ್ ಅಲಿ, ಇನ್ನೊಬ್ಬರು ಸಾಮಾನಿ ರಾಜ್ಯದ ವಝೀರ್ ಅಲ್ ಜೈಹಾನಿ. ಅಬೂ ಝೈದ್ ಒಂದು ಪುಸ್ತಕ ಬರೆದರು, ಅದರಲ್ಲಿ ಇದ್ದದ್ದು ಮೊದಲನೆಯವರ ಪಂಥಕ್ಕೆ ಹಿಡಿಸಲಿಲ್ಲ, ಸಹಾಯ ನಿಂತಿತು. ಬಲಿಕರ್ಮದ ಬಗ್ಗೆ ಇನ್ನೊಂದು ಪುಸ್ತಕ ಬರೆದರು, ಅದು ಎರಡನೆಯವರಿಗೆ ಹಿಡಿಸಲಿಲ್ಲ, ಅದೂ ನಿಂತಿತು. ಈ ಸಂಗತಿಯನ್ನು 10ನೇ ಶತಮಾನದ ಬಗ್ದಾದಿನ ಪುಸ್ತಕ ವ್ಯಾಪಾರಿ ಇಬ್ನುನ್ನದೀಮ್ ತಮ್ಮ ಪುಸ್ತಕಪಟ್ಟಿಯಲ್ಲಿ ದಾಖಲಿಸಿದ್ದಾರೆ. ಎರಡೂ ಕಡೆಯ ಆದಾಯ ಹೋಯಿತು, ಬರೆಯುವುದು ಮಾತ್ರ ನಿಲ್ಲಲಿಲ್ಲ.

ವಯಸ್ಸು 70ರ ಹತ್ತಿರ ಬಂದಾಗ ದೊಡ್ಡ ಅವಕಾಶ ಬಾಗಿಲಿಗೆ ಬಂತು. ಬಲ್ಖನ್ನು ಹಿಡಿದ ಅಮೀರ್ ಅವರನ್ನು ವಝೀರ್ ಆಗಲು ಕರೆದರು. ಅಬೂ ಝೈದ್ ಒಪ್ಪಲಿಲ್ಲ. ಆ ಹುದ್ದೆ ಸ್ನೇಹಿತ ಅಬುಲ್ ಕಾಸಿಮ್ ಅಲ್ ಕಅಬಿಗೆ ಹೋಯಿತು, ಇವರು ಬರವಣಿಗೆಯ ಗುಮಾಸ್ತೆ ಕೆಲಸಕ್ಕೆ ಕೂತರು. ವಝೀರರಿಗೆ ತಿಂಗಳಿಗೆ 1000 ದಿರ್ಹಮ್, ಇವರಿಗೆ 500. ಕಅಬಿ ತಮ್ಮ ಪಾಲಿನಿಂದ 100 ದಿರ್ಹಮ್ ತೆಗೆದು ಇವರಿಗೆ ಸೇರಿಸಿ ಕೊಡಲು ಖಜಾಂಚಿಗೆ ಹೇಳುತ್ತಿದ್ದರಂತೆ. ಒಡೆದ ನಾಣ್ಯಗಳನ್ನು ತಾವು ಇಟ್ಟುಕೊಂಡು ಒಳ್ಳೆಯ ನಾಣ್ಯಗಳನ್ನು ಇವರಿಗೆ ಕಳಿಸುತ್ತಿದ್ದರಂತೆ. ಸ್ನೇಹ ಅಂದ್ರೆ ಹೀಗಿತ್ತು. ಅಮೀರರ ಆಳ್ವಿಕೆ ಹೆಚ್ಚು ದಿನ ಉಳಿಯಲಿಲ್ಲ, ಅವರು ಸೋತು ಬುಖಾರದ ಸೆರೆಯಲ್ಲಿ ತೀರಿಕೊಂಡರು. ಅಬೂ ಝೈದ್ ಆ ಹೊತ್ತಿಗೆ ಹುಟ್ಟೂರಿನ ಕಡೆ ಒಂದಿಷ್ಟು ಜಮೀನು ಮಾಡಿಕೊಂಡಿದ್ದರು. ಕೊನೆಗಾಲ ಅಲ್ಲಿಯೇ ಕಳೆಯಿತು.

ನದಿ ದಾಟದ ಭೂಗೋಳಜ್ಞ

ಅಬೂ ಝೈದ್ ಅವರ ಹೆಸರು ಜಗತ್ತಿನಲ್ಲಿ ಉಳಿದದ್ದು ನಕ್ಷೆಗಳಿಂದ. ಇಸ್ಲಾಮಿ ನಾಡುಗಳನ್ನು ಪ್ರಾಂತ ಪ್ರಾಂತವಾಗಿ ಬಿಡಿಸಿ, ಪ್ರತಿ ನಕ್ಷೆಗೂ ಚಿಕ್ಕ ವಿವರಣೆ ಬರೆದರು. ಅವರ ದಾರಿಯಲ್ಲೇ ಇಸ್ತಖ್ರಿ, ಇಬ್ನ್ ಹೌಕಲ್, ಮುಕದ್ದಸಿ ಮುಂದುವರಿದರು. ಇವರೆಲ್ಲರನ್ನು ಸೇರಿಸಿ ಇತಿಹಾಸಕಾರರು ಬಲ್ಖಿ ಪಂಥ ಎನ್ನುತ್ತಾರೆ.

ಇದೇ ಮುಕದ್ದಸಿ ಒಂದು ಕಥೆ ಹೇಳುತ್ತಾರೆ. ಖುರಾಸಾನಿನ ದೊರೆ ಅಬೂ ಝೈದರನ್ನು ಸಲಹೆಗಾಗಿ ಬುಖಾರಕ್ಕೆ ಕರೆಸಿಕೊಂಡರು. ಬುಖಾರಕ್ಕೆ ಹೋಗಬೇಕಾದರೆ ಜೈಹೂನ್ ನದಿ ದಾಟಬೇಕು. ಈಗಿನ ಅಮು ದರಿಯಾ ಅದೇ. ದಡಕ್ಕೆ ಬಂದ ಅಬೂ ಝೈದ್ ಅದರ ಅಲೆ, ಸೆಳೆತ, ಅಗಲ ನೋಡಿ ನಿಂತುಬಿಟ್ಟರು. ನನ್ನ ವಿವೇಕ ಮೆಚ್ಚಿ ಕರೆದಿದ್ದರೆ, ಈ ನದಿ ದಾಟಬೇಡ ಎಂದು ಹೇಳುತ್ತಿರುವುದೂ ಆ ವಿವೇಕವೇ ಎಂಬ ಅರ್ಥದಲ್ಲಿ ಅಲ್ಲಿಂದಲೇ ಪತ್ರ ಬರೆದರು. ದೊರೆ ನಕ್ಕು, ಬಲ್ಖಿಗೆ ಮರಳಲು ಅನುಮತಿ ಕೊಟ್ಟರು.

ಕಣ್ಣೆದುರಿಗೆ ಉಕ್ಕುವ ನದಿಯ ಭಯಕ್ಕೂ, ಇಲ್ಲದ ಅಪಾಯವನ್ನು ಮನಸ್ಸೇ ಹುಟ್ಟಿಸುವ ಭಯಕ್ಕೂ ವ್ಯತ್ಯಾಸ ಇದೆ. ಆ ಎರಡನೆಯ ಭಯವನ್ನು ಅಬೂ ಝೈದ್ ತಮ್ಮ ಒಂದು ಪುಸ್ತಕದಲ್ಲಿ ಬಿಡಿಸಿ ನೋಡಿದರು.

ದೇಹಕ್ಕೊಂದು ಭಾಗ, ಮನಸ್ಸಿಗೊಂದು ಭಾಗ

ಆ ಪುಸ್ತಕದ ಹೆಸರು ಮಸಾಲಿಹುಲ್ ಅಬ್ದಾನ್ ವಲ್ ಅನ್ಫುಸ್. ದೇಹಗಳ ಮತ್ತು ಮನಸ್ಸುಗಳ ಕ್ಷೇಮ ಎಂದು ಅರ್ಥ ಮಾಡಿಕೊಳ್ಳಬಹುದು. ಮೊದಲ ಭಾಗದಲ್ಲಿ ಮನೆ, ನೀರು, ಊಟ, ನಿದ್ದೆ, ಸ್ನಾನ, ವ್ಯಾಯಾಮ ಮುಂತಾದವು. ಎರಡನೇ ಭಾಗ ಪೂರ್ತಿ ಮನಸ್ಸಿನದ್ದು, ಅದರಲ್ಲಿ ಎಂಟು ಅಧ್ಯಾಯ.

ವೈದ್ಯರ ಮೇಲೆ ಅವರಿಗೆ ಒಂದು ತಕರಾರು ಇತ್ತು. ಮದ್ದು ಕೊಡುವುದು, ರಕ್ತ ತೆಗೆಯುವುದು, ಇಷ್ಟರಲ್ಲೇ ವೈದ್ಯ ಮುಗಿಯಿತು ಅಂದುಕೊಂಡಿದ್ದಾರೆ, ಮನಸ್ಸಿನ ಕಡೆ ತಿರುಗಿಯೂ ನೋಡುವುದಿಲ್ಲ ಎಂಬುದು. ದೇಹಕ್ಕೆ ವರ್ಷಗಟ್ಟಲೆ ಏನೂ ಆಗದೆ ಇರಬಹುದು, ಆದರೆ ಸಿಟ್ಟು, ಭಯ, ದುಃಖ ಮುಟ್ಟದ ದಿನ ಯಾರಿಗೂ ಇಲ್ಲ ಎಂದು ಅವರು ತೋರಿಸಿದರು. ಮನಸ್ಸು ಕೆಟ್ಟರೆ ದೇಹ ಸೊರಗುತ್ತದೆ, ದೇಹ ಕೆಟ್ಟರೆ ಮನಸ್ಸು ಕುಗ್ಗುತ್ತದೆ, ಆದ್ದರಿಂದ ಎರಡನ್ನೂ ಒಟ್ಟಿಗೆ ನೋಡಬೇಕು ಎಂದರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ಇಲ್ಲದೆ ಕವಿಯುವ ದುಃಖ ಬೇರೆ ಎಂದು ವಿಂಗಡಿಸಿದರು. ಎರಡನೆಯದರ ಬೇರು ದೇಹದಲ್ಲಿ ಇರಬಹುದು ಎಂದರು.

ಅವರ ಇನ್ನೊಂದು ಸಲಹೆ ಇವತ್ತಿಗೂ ಹೊಸದು. ಮನೆಯಲ್ಲಿ ತುರ್ತಿಗೆ ಅಂತ ಮದ್ದು ಇಟ್ಟುಕೊಳ್ಳುವ ಹಾಗೆ, ಮನಸ್ಸು ಗಟ್ಟಿ ಇದ್ದಾಗಲೇ ಒಳ್ಳೆಯ ವಿಚಾರಗಳನ್ನು ಕೂಡಿಟ್ಟುಕೊಳ್ಳಬೇಕು. ಸಿಟ್ಟೋ ಭಯವೋ ಏರಿ ಬಂದಾಗ ಅದನ್ನು ತೆಗೆದು ಬಳಸಬೇಕು. ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಆಗುವುದಿಲ್ಲ ಅಲ್ವಾ?

ಕೊನೆಯ ಅಧ್ಯಾಯ

ಎಂಟನೆಯದೂ ಕೊನೆಯದೂ ಆದ ಅಧ್ಯಾಯವೇ ವಸ್‌ವಾಸಿನ ಬಗ್ಗೆ. ಮನಸ್ಸಿನ ಬಾಧೆಗಳಲ್ಲಿ ಇದು ತುಂಬಾ ಕಷ್ಟ ಕೊಡುವಂಥದ್ದು ಎಂದು ಅಬೂ ಝೈದ್ ಗುರುತಿಸಿದರು. ಸಿಟ್ಟು, ಭಯ ಎಲ್ಲರಿಗೂ ಬರುತ್ತವೆ. ವಸ್‌ವಾಸ್ ಹಾಗಲ್ಲ, ಕೆಲವರಿಗೆ ಜೀವನದಲ್ಲಿ ಒಮ್ಮೆಯೂ ಬರುವುದಿಲ್ಲ, ಕೆಲವರನ್ನು ಬಿಡುವುದೇ ಇಲ್ಲ. ಅಂದ್ರೆ ಕೆಲವರ ಹುಟ್ಟುಪ್ರಕೃತಿಯಲ್ಲೇ ಅದರ ಕಡೆ ಒಲವು ಇರುತ್ತದೆ ಎಂದು ಅವರು ಕಂಡುಕೊಂಡರು.

ಅದರ ಲಕ್ಷಣವನ್ನೂ ಬರೆದರು. ನಿಜ ಅಲ್ಲದ ಯೋಚನೆ ಮನಸ್ಸಿಗೆ ನುಗ್ಗುತ್ತದೆ, ಬೇಡ ಅಂದರೂ ಹೋಗುವುದಿಲ್ಲ. ಏನೋ ಕೆಟ್ಟದ್ದು ಈಗಲೇ ಆಗಿಬಿಡುತ್ತದೆ ಎಂಬ ಹೆದರಿಕೆ ಹಿಡಿಯುತ್ತದೆ. ಕೈಯಲ್ಲಿರುವ ಕೆಲಸ ಕೆಡುತ್ತದೆ, ಸುಖಪಡಬೇಕಾದ ಹೊತ್ತಿನಲ್ಲಿ ಸುಖ ಇರುವುದಿಲ್ಲ, ಎದುರಿಗೆ ಕೂತವರ ಮಾತು ಕಿವಿಗೆ ಬೀಳುವುದಿಲ್ಲ.

ಕಾರಣದ ವಿಷಯಕ್ಕೆ ಬಂದಾಗ ಅವರು ಆ ಕಾಲದ ಮನುಷ್ಯರೇ. ಶೈತಾನನ ಪಿಸುಮಾತಿನಿಂದ ಎನ್ನುವ ನಂಬಿಕೆ ಅವರಿಗೆ ಗೊತ್ತಿತ್ತು. ಅದರ ಜೊತೆಗೆ ದೇಹದ ಒಳಗಿನ ಕಪ್ಪು ಪಿತ್ತದ ಏರುಪೇರಿನಿಂದಲೂ ಇದು ಬರುತ್ತದೆ ಎಂಬ ವೈದ್ಯರ ವಿವರಣೆಯನ್ನೂ ಮುಂದಿಟ್ಟರು. ಪಿತ್ತದ ಲೆಕ್ಕಾಚಾರ ತಪ್ಪು ಅಂತ ಇವತ್ತು ನಮಗೆ ಗೊತ್ತು. ಆದರೆ ಈ ಬಾಧೆಗೆ ದೇಹದಲ್ಲೂ ಒಂದು ಬೇರು ಇದೆ, ಅದು ಬರೀ ಆ ಮನುಷ್ಯನ ಹಠವೋ ಪಾಪವೋ ಅಲ್ಲ ಎಂಬ ದಿಕ್ಕು ಸರಿಯಾಗಿಯೇ ಇತ್ತು.

ಚಿಕಿತ್ಸೆ ಏನು? ಒಬ್ಬನೇ ಕೂರಬಾರದು, ಸುಮ್ಮನೆ ಕೂರಬಾರದು. ಒಂಟಿತನ ಮತ್ತು ಸೋಮಾರಿತನ ಈ ಯೋಚನೆಗಳಿಗೆ ಬಾಗಿಲು ತೆರೆಯುತ್ತವೆ. ಜನರ ಜೊತೆ ಬೆರೆಯಬೇಕು, ಕೆಲಸದಲ್ಲಿ ತೊಡಗಬೇಕು. ಇದು ಹೊರಗಿನ ಮದ್ದು. ಒಳಗಿನ ಮದ್ದು ಯೋಚನೆಗೆ ಯೋಚನೆಯಿಂದಲೇ ಉತ್ತರ ಕೊಡುವುದು. ನಾನು ಹೆದರುತ್ತಿರುವುದು ನಿಜವಾಗಿದ್ದರೆ ಉಳಿದವರೂ ಹೆದರಬೇಕಿತ್ತು, ಅವರು ಯಾರೂ ಹೆದರುತ್ತಿಲ್ಲ. ಹಾಗಾದರೆ ತೊಂದರೆ ಇರುವುದು ಹೊರಗೆ ಅಲ್ಲ, ನನ್ನ ಯೋಚನೆಯಲ್ಲಿ. ಬುದ್ಧಿವಂತರ, ನಂಬಿಕಸ್ತರ ಮಾತಿಗೆ ಬೆಲೆ ಕೊಡಬೇಕು. ಅಲ್ಲಾಹನು ಪ್ರತಿ ಕಾಯಿಲೆಗೂ ಮದ್ದನ್ನು ಇಟ್ಟಿದ್ದಾನೆ ಎಂಬ ಭರವಸೆ ಬಿಡಬಾರದು.

ಮಿದುಳಿನ ಒಳಗೆ ನಡೆಯುವುದೇನು?

ಅಬೂ ಝೈದ್ ತೋರಿಸಿದ ದಿಕ್ಕಿನಲ್ಲಿ ಏನಿದೆ ಎಂದು ಯಂತ್ರದಿಂದ ನೋಡಲು 1000 ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಈ ಬಾಧೆ ಮಿತಿ ಮೀರಿದಾಗ ವೈದ್ಯರು ಅದನ್ನು ಒಸಿಡಿ, ಅಂದ್ರೆ ಗೀಳು ಕಾಯಿಲೆ ಎನ್ನುತ್ತಾರೆ. ಸುಮಾರು ನೂರು ಜನರಲ್ಲಿ ಒಬ್ಬಿಬ್ಬರಿಗೆ ಜೀವನದ ಒಂದಲ್ಲ ಒಂದು ಹಂತದಲ್ಲಿ ಇದು ಬರುತ್ತದೆ. 1980ರ ದಶಕದಲ್ಲಿ ವೈದ್ಯರು ಮಿದುಳಿನ ಯಾವ ಭಾಗ ಎಷ್ಟು ಸಕ್ಕರೆ ಬಳಸುತ್ತದೆ ಎಂದು ತೋರಿಸುವ ಪೆಟ್ ಸ್ಕ್ಯಾನ್ ಬಳಸಿ ಈ ಕಾಯಿಲೆಯನ್ನು ನೋಡಿದರು. ಗೀಳು ಇರುವವರ ಮಿದುಳಿನ ಕೆಲವು ಭಾಗಗಳು ಅಗತ್ಯಕ್ಕಿಂತ ಹೆಚ್ಚು ಕೆಲಸ ಮಾಡುತ್ತಿರುವುದು ಅದರಲ್ಲಿ ಕಂಡಿತು.

ಅಂಗಡಿಯ ಲೆಕ್ಕದ ಹಾಗೆ ನೋಡಿದರೆ ಇದು ಸುಲಭ. ಕಣ್ಣಿನ ಮೇಲ್ಭಾಗಕ್ಕೆ, ಹಣೆಯ ಹಿಂದೆ ಇರುವ ಮಿದುಳಿನ ಭಾಗ ತಪ್ಪು ಹುಡುಕುವ ಗುಮಾಸ್ತನ ಹಾಗೆ. ಏನೋ ಸರಿ ಇಲ್ಲ ಎಂದು ಗಂಟೆ ಹೊಡೆಯುವುದು ಅವನ ಕೆಲಸ. ಮಿದುಳಿನ ಆಳದಲ್ಲಿರುವ ಸ್ಟ್ರಯೇಟಮ್, ಅದರಲ್ಲೂ ಕಾಡೇಟ್ ಎಂಬ ಭಾಗ, ಯಾವ ಸುದ್ದಿ ಮುಂದೆ ಹೋಗಬೇಕು, ಯಾವುದು ಇಲ್ಲೇ ಮುಗಿಯಬೇಕು ಎಂದು ನೋಡುವ ಗೇಟಿನ ಹಾಗೆ. ಅಲ್ಲಿಂದ ಸುದ್ದಿ ಥಾಲಮಸ್ ಎಂಬ ಭಾಗಕ್ಕೆ, ಅಲ್ಲಿಂದ ತಿರುಗಿ ಹಣೆಯ ಭಾಗಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಬೀಗ ಹಾಕಿದೆವು, ಎಳೆದು ನೋಡಿದೆವು, ಲೆಕ್ಕ ತಾಳೆಯಾಯಿತು, ಗಂಟೆ ನಿಂತಿತು. ಗೀಳು ಇರುವವರಲ್ಲಿ ಲೆಕ್ಕ ತಾಳೆಯಾದರೂ ಗಂಟೆ ನಿಲ್ಲುವುದಿಲ್ಲ. ಸುದ್ದಿ ಅದೇ ಸುತ್ತಿನಲ್ಲಿ ತಿರುಗುತ್ತಲೇ ಇರುತ್ತದೆ. ಬೀಗ ಬಿದ್ದಿದೆ ಎಂದು ಕಣ್ಣಿಗೆ ಗೊತ್ತು, ಕೈಗೆ ಗೊತ್ತು, ಮುಗಿಯಿತು ಎಂಬ ಸಮಾಧಾನ ಮಾತ್ರ ಬರುವುದಿಲ್ಲ. ಮತ್ತೆ ಎಳೆದು ನೋಡಿದರೆ ಒಂದು ಗಳಿಗೆ ಹಾಯೆನಿಸುತ್ತದೆ. ಆ ಗಳಿಗೆಯ ಹಾಯಿಯೇ ಸುತ್ತನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ.

ಒಸಿಡಿ ಕೆಲವು ಕುಟುಂಬಗಳಲ್ಲಿ ಹೆಚ್ಚು ಕಾಣುತ್ತದೆ ಎಂಬುದೂ ಈಗ ಗೊತ್ತಾಗಿದೆ. ಹುಟ್ಟುಪ್ರಕೃತಿಯ ಒಲವು ಎಂದು ಅಬೂ ಝೈದ್ ಊಹಿಸಿದ್ದು ಇದಕ್ಕೆ ಹತ್ತಿರವಾಗಿದೆ.

1992ರಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಗೀಳು ಇರುವ ಕೆಲವರಿಗೆ ಮಾತ್ರೆ ಕೊಟ್ಟರು. ಇನ್ನು ಕೆಲವರಿಗೆ ಮಾತ್ರೆ ಇಲ್ಲದೆ ವರ್ತನೆಯ ಚಿಕಿತ್ಸೆ ಮಾತ್ರ ಕೊಟ್ಟರು. ಸುಮಾರು 10 ವಾರಗಳ ಬಳಿಕ ಮತ್ತೆ ಸ್ಕ್ಯಾನ್ ಮಾಡಿದಾಗ, ಗುಣ ಕಂಡವರಲ್ಲಿ, ಮಾತ್ರೆ ತಗೊಂಡವರಾಗಲಿ ತಗೊಳ್ಳದವರಾಗಲಿ, ಬಲಗಡೆಯ ಕಾಡೇಟ್ ಭಾಗದ ಅತಿ ಕೆಲಸ ತಗ್ಗಿತ್ತು. ಮನಸ್ಸಿನ ಅಭ್ಯಾಸ ಬದಲಿಸಿದರೆ ಮಿದುಳೂ ಬದಲಾಗುತ್ತದೆ ಎಂಬುದಕ್ಕೆ ಅದು ಕಣ್ಣಿಗೆ ಕಾಣುವ ಸಾಕ್ಷಿಯಾಯಿತು. ದೇಹ ಮತ್ತು ಮನಸ್ಸು ಒಂದಕ್ಕೊಂದು ಹೆಣೆದುಕೊಂಡಿವೆ ಎಂದು ಬಲ್ಖಿನಲ್ಲಿ ಕೂತು ಬರೆದವರ ಮಾತಿಗೂ ಅದು ಹತ್ತಿರವಾಗಿತ್ತು.

ಎಲ್ಲಿ ಹೊಂದುತ್ತದೆ, ಎಲ್ಲಿ ಇಲ್ಲ

ಹಾಗಂತ ಅಬೂ ಝೈದ್ ಎಲ್ಲವನ್ನೂ ಕಂಡುಹಿಡಿದಿದ್ದರು ಅನ್ನುವುದು ಅತಿಯಾಗುತ್ತದೆ. ಇವತ್ತಿನ ವರ್ತನೆಯ ಚಿಕಿತ್ಸೆಗೆ ಬುನಾದಿ ಹಾಕಿದ್ದು 1966ರಲ್ಲಿ ಲಂಡನ್‌ನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್. ರೋಗಿಯನ್ನು ಅವನು ಹೆದರುವ ವಸ್ತುವಿನ ಎದುರು ನಿಧಾನವಾಗಿ ತಂದು, ತೊಳೆಯದೆ, ಪರೀಕ್ಷಿಸದೆ ಆ ತಳಮಳವನ್ನು ತಾಳಿಕೊಳ್ಳಲು ಕಲಿಸುವ ಕ್ರಮ ಅದು. ತಾಳಿಕೊಂಡರೆ ತಳಮಳ ತಾನಾಗಿ ಇಳಿಯುತ್ತದೆ, ಗಂಟೆ ಮೆಲ್ಲಗೆ ನಿಲ್ಲುತ್ತದೆ. ಕೆಲಸದಲ್ಲಿ ಮನಸ್ಸು ತೊಡಗಿಸಿ ಎಂಬ ಅಬೂ ಝೈದರ ಸಲಹೆಗಿಂತ ಇದು ಒಂದು ಹೆಜ್ಜೆ ಮುಂದೆ.

ಇನ್ನೊಂದು ಎಚ್ಚರವೂ ಬೇಕು. ನಂಬಿಕಸ್ತರ ಮಾತಿಗೆ ಬೆಲೆ ಕೊಡು ಎಂದು ಅವರು ಹೇಳಿದ್ದು ಸರಿ. ಆದರೆ ವುಝೂ ಆಯಿತಾ, ಆಯಿತಾ ಎಂದು ಉಮ್ಮನ ಹತ್ತಿರ ಇಪ್ಪತ್ತು ಸಲ ಕೇಳುವುದು, ಉಮ್ಮ ಇಪ್ಪತ್ತು ಸಲ ಆಯಿತು ಮಗಾ ಎನ್ನುವುದು, ಇದೂ ಅದೇ ಸುತ್ತಿನ ಭಾಗ ಅಂತ ಇವತ್ತಿನ ವೈದ್ಯರು ಹೇಳುತ್ತಾರೆ. ಪ್ರೀತಿಯಿಂದ ಕೊಟ್ಟ ಉತ್ತರವೇ ಗೀಳಿಗೆ ಗೊಬ್ಬರ ಆಗುತ್ತದೆ. ಅದನ್ನು ಹೇಗೆ ಕಡಿಮೆ ಮಾಡಬೇಕು ಎಂದು ಮನೆಯವರೂ ಚಿಕಿತ್ಸಕರಿಂದ ಕಲಿಯಬೇಕಾಗುತ್ತದೆ.

ಪುಸ್ತಕದ ದೀರ್ಘ ನಿದ್ದೆ

ಅಬೂ ಝೈದ್ ಅಲ್ ಬಲ್ಖಿ ಹಿಜರಿ 322ರಲ್ಲಿ, ಅಂದ್ರೆ ಕ್ರಿ.ಶ. 934ರಲ್ಲಿ ತೀರಿಕೊಂಡರು. ವಯಸ್ಸು 80 ದಾಟಿತ್ತು. ಅವರ ಪುಸ್ತಕಗಳಲ್ಲಿ ಹೆಚ್ಚಿನವು ಕಳೆದುಹೋದವು. ಮನಸ್ಸಿನ ಕ್ಷೇಮದ ಪುಸ್ತಕ ಮಾತ್ರ ಕೈಬರಹದಲ್ಲಿ ಉಳಿದು ಇಸ್ತಾಂಬುಲ್‌ನ ಅಯಾ ಸೋಫಿಯಾ ಸಂಗ್ರಹ ಸೇರಿತು. 1984ರಲ್ಲಿ ವಿದ್ವಾಂಸ ಫುಆತ್ ಸೆಝ್ಗಿನ್ ಅದರ ಪಡಿಯಚ್ಚನ್ನು ಜರ್ಮನಿಯ ಫ್ರಾಂಕ್‌ಫರ್ಟ್‌ನಿಂದ ಪ್ರಕಟಿಸಿದರು. ಸುಡಾನಿನ ಮನಶ್ಶಾಸ್ತ್ರಜ್ಞ ಮಾಲಿಕ್ ಬದ್ರಿ ಅದರ ಮನಸ್ಸಿನ ಭಾಗವನ್ನು ಇಂಗ್ಲಿಷಿಗೆ ತಂದದ್ದು 2013ರಲ್ಲಿ. ಎರಡು ವರ್ಷದ ಬಳಿಕ, ವಸ್‌ವಾಸಿನ ಬಗ್ಗೆ ಅವರು ಬರೆದದ್ದನ್ನು ಇಂದಿನ ಒಸಿಡಿ ಲಕ್ಷಣಗಳ ಜೊತೆ ಇಟ್ಟು ನೋಡಿದ ಲೇಖನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂತು. ಎರಡೂ ಎಷ್ಟು ಹತ್ತಿರ ಇವೆ ಎಂದು ಅದು ತೋರಿಸಿತು.

ಯಾರಿಗಾದರೂ ಒಮ್ಮೊಮ್ಮೆ ಸಂಶಯ ಬರುವುದು ಕಾಯಿಲೆ ಅಲ್ಲ. ಅದು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ತಿನ್ನುತ್ತಿದ್ದರೆ, ಓದು, ವ್ಯಾಪಾರ, ಸಂಸಾರ, ಇಬಾದತ್ ಕೆಡಿಸುತ್ತಿದ್ದರೆ ಮನೋವೈದ್ಯರನ್ನು ಕಾಣಬೇಕು. ಮಾತ್ರೆ ಕೆಲಸ ಮಾಡಲು ಎರಡು ಮೂರು ತಿಂಗಳು ಹಿಡಿಯಬಹುದು, ಎರಡು ವಾರಕ್ಕೆ ಬಿಟ್ಟುಬಿಡಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮಂಗಳೂರಿನಿಂದಾಗಲಿ ಕಾಸರಗೋಡಿನಿಂದಾಗಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ನಮ್ಮ ಭಾಷೆಗಳಲ್ಲೇ ಮಾತಾಡಬಹುದು.

ದುಆ ಮಾಡುವುದಕ್ಕೂ ಡಾಕ್ಟರ್ ಹತ್ತಿರ ಹೋಗುವುದಕ್ಕೂ ಜಗಳ ಇಲ್ಲ. ಕುರ್‌ಆನ್ ಓದಿದ, ವೈದ್ಯವನ್ನೂ ಓದಿದ ಅಬೂ ಝೈದರಿಗೆ ಅದು ಜಗಳ ಅಂತ ಅನಿಸಲೇ ಇಲ್ಲ. ಮಸೀದಿಯಲ್ಲಿ ವುಝೂ ಮುಗಿಸಲಾಗದೆ ಒದ್ದಾಡುವ ಹುಡುಗನನ್ನು ಮುಂದಿನ ಸಲ ಕಂಡರೆ ನಗುವ ಬದಲು ಅವನ ಮನೆಯವರ ಹತ್ತಿರ ಮೆಲ್ಲಗೆ ಒಂದು ಮಾತು ಹೇಳಿ. ಇದು ಕಾಯಿಲೆ, ಇದಕ್ಕೆ ಮದ್ದು ಉಂಟು.